ಪ್ರಾಗ್‌ನ ಎರಡು ಗುಡ್ಡಗಳು: ಪ್ರಾಗ್ ಕೋಟೆ ಮತ್ತು ವಿಶೆಹ್ರಾದ್

ಬೆನ್ನಿಗೆ ಚೀಲ ಏರಿಸಿಕೊಂಡು ಗೆಳೆಯರೊಡನೆ ವಾರಾಂತ್ಯದ ಮಟ್ಟಿಗೆ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗುವವರು, ಇರುವ ಅಲ್ಪ ಸಮಯದಲ್ಲಿ ಒಳ್ಳೆಯ ಹೊತ್ತನ್ನು ಯಾವ ಗುಡ್ಡಕ್ಕೆ ಮೀಸಲಿಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ವಲ್ಟಾವಾ ನದಿಯ ಎಡದಂಡೆಯಲ್ಲಿ ಎಲ್ಲರೂ ಚಿತ್ರಗಳಲ್ಲಿ ನೋಡಿರುವ ಪ್ರಾಗ್ ಕೋಟೆಯಿದ್ದರೆ, ಅದರ ದಕ್ಷಿಣಕ್ಕೆ, ಬಲದಂಡೆಯ ಕಡಿದಾದ ಬಂಡೆಯ ಮೇಲೆ ವಿಶೆಹ್ರಾದ್ ಇದೆ. ಜರ್ಮನಿಯಲ್ಲಿ ಓದುತ್ತಿರುವ ಗೆಳೆಯರು ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಬಂದು ನಮ್ಮನ್ನು ಕೂಡಿಕೊಂಡ ಮೇಲೆ ಎರಡನ್ನೂ ನಡೆದು ನೋಡಿದೆವು.

ಪ್ರಾಗ್ ಕೋಟೆಯನ್ನು ಬಿಡಲೇಬಾರದು ಎನ್ನುವುದಕ್ಕೆ ನನ್ನ ಮಟ್ಟಿಗೆ ಇರುವ ಕಾರಣ ಒಂದೇ, ಸೇಂಟ್ ವಿಟಸ್ ಕೆಥೆಡ್ರಲ್. 1344ರಲ್ಲಿ ಆರಂಭವಾದ ಈ ಕಟ್ಟಡ ಪೂರ್ಣಗೊಂಡದ್ದು 1929ರಲ್ಲಿ. ಮೊದಲ ಶಿಲ್ಪಿ ಅರಾಸ್‌ನ ಮಥಾಯಸ್ ತೀರಿಕೊಂಡ ಮೇಲೆ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಪೀಟರ್ ಪಾರ್ಲರ್ ಕೆಲಸ ವಹಿಸಿಕೊಂಡ. ಪೂರ್ವ ತುದಿಯಲ್ಲಿ ಅವನು ಎತ್ತಿದ ಚಾವಣಿಯ ಕಲ್ಲಿನ ಪಟ್ಟಿಗಳು ಬಲೆಯಂತೆ ಒಂದನ್ನೊಂದು ಹೆಣೆದುಕೊಂಡು ಸಾಗುತ್ತವೆ; ಮುಂದೆ ಹದಿನೈದನೆಯ ಶತಮಾನದ ಹುಸ್ಸೈಟ್ ಧಾರ್ಮಿಕ ಯುದ್ಧಗಳಿಂದ ಕೆಲಸ ನಿಂತು, ಪಶ್ಚಿಮದ ಅರ್ಧ ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳಲ್ಲಷ್ಟೇ ಎದ್ದಿತು. ಟಿಕೆಟ್ ಇಲ್ಲದವರನ್ನು ಬಾಗಿಲಿನ ಹತ್ತಿರದ ಭಾಗಕ್ಕೆ ಮಾತ್ರ ಬಿಡುತ್ತಾರೆ. ಅಲ್ಲಿಂದ ಕಾಣುವುದು ಹೆಚ್ಚಾಗಿ ಹೊಸ ಅರ್ಧವಾದ್ದರಿಂದ, ಪಾರ್ಲರ್‌ನ ಕೆಲಸದ ಕೆಳಗೆ ನಿಂತು ತಲೆಯೆತ್ತಿ ನೋಡಬೇಕೆನ್ನುವವರು ಟಿಕೆಟ್ ಕೊಳ್ಳಲೇಬೇಕು, ಮತ್ತು ಆ ಹಣ ಖಂಡಿತ ಸಾರ್ಥಕ.

ಅದೇ ಟಿಕೆಟ್ಟಿನಲ್ಲಿ ಸಿಗುವ ಹಳೆಯ ಅರಮನೆಯ ವ್ಲಾದಿಸ್ಲಾವ್ ಸಭಾಂಗಣವೂ ನಿಧಾನವಾಗಿ ನೋಡುವಂಥದ್ದು. ಒಳಗೇ ಕುದುರೆ ಸವಾರರ ಸ್ಪರ್ಧೆಗಳು ನಡೆಯುತ್ತಿದ್ದವೆಂದರೆ ಅದರ ವಿಸ್ತಾರ ಊಹಿಸಬಹುದು. ಕುದುರೆಗಳು ಹತ್ತಿ ಬರಲೆಂದು ಕಟ್ಟಿದ ಅಗಲವಾದ ಮೆಟ್ಟಿಲುಗಳು ಇಂದಿಗೂ ಇವೆ. ಅದರ ಪಕ್ಕದ ಕಚೇರಿಯ ಕಿಟಕಿಯಿಂದಲೇ 1618ರಲ್ಲಿ ಚಕ್ರವರ್ತಿಯ ಅಧಿಕಾರಿಗಳನ್ನು ಹೊರಗೆಸೆದದ್ದು, ಆ ಘಟನೆಯಿಂದಲೇ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡದ್ದು. ಆದರೆ ಲೇಖಕ ಕಾಫ್ಕಾ ಕೆಲಕಾಲ ಕುಳಿತು ಬರೆದ 22ನೆಯ ಸಂಖ್ಯೆಯ ಮನೆಯಿರುವ ಗೋಲ್ಡನ್ ಲೇನ್ ನನಗೆ ಹಿಡಿಸಲಿಲ್ಲ. ಅಷ್ಟು ಇಕ್ಕಟ್ಟಾದ ಓಣಿಯಲ್ಲಿ ಬೆನ್ನುಚೀಲ ಹೊತ್ತವರ ಗುಂಪು ತನಗೂ ಇತರರಿಗೂ ತೊಂದರೆಯೇ.

ವಿಶೆಹ್ರಾದ್‌ನ ಗುಣ ಬೇರೆ. ಮೆಟ್ರೋದ ಸಿ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣದಲ್ಲಿ ಇಳಿದರೆ ಏರುದಾರಿಯೇ ಇಲ್ಲದಂತೆ ಕೋಟೆಯ ಬಾಗಿಲಿಗೆ ತಲುಪಬಹುದು; ಆವರಣಕ್ಕೆ ಟಿಕೆಟ್ಟಿಲ್ಲ. ಎರಡನೆಯ ಬಾಗಿಲು ದಾಟಿದೊಡನೆ ಹನ್ನೊಂದನೆಯ ಶತಮಾನದ ಸೇಂಟ್ ಮಾರ್ಟಿನ್ ರೊಟುಂಡಾ ಎದುರಾಗುತ್ತದೆ. ಪುಟ್ಟದಾದ, ದುಂಡಗಿನ, ಅಲಂಕಾರವಿಲ್ಲದ ಈ ಗುಡಿ ಕೆಥೆಡ್ರಲ್‌ನ ಅಡಿಪಾಯಕ್ಕಿಂತ ಎರಡು ಶತಮಾನಕ್ಕೂ ಹೆಚ್ಚು ಹಳೆಯದು. ಆ ಕಾಲದಲ್ಲಿ ದೊರೆ ಎರಡನೆಯ ವ್ರಾತಿಸ್ಲಾವ್ ತನ್ನ ರಾಜಪೀಠವನ್ನೇ ಪ್ರಾಗ್ ಕೋಟೆಯಿಂದ ಇಲ್ಲಿಗೆ ತಂದಿದ್ದ. ಮುಂದೆ ರಾಜಧಾನಿಯ ಪಟ್ಟ ಎದುರಿನ ಗುಡ್ಡಕ್ಕೇ ಮರಳಿದರೂ, ಬೊಹೀಮಿಯಾದ, ಅಂದರೆ ಹಳೆಯ ಚೆಕ್ ರಾಜ್ಯದ, ದೊರೆಯಾಗುವವನು ಪಟ್ಟಾಭಿಷೇಕದ ಮುನ್ನಾದಿನ ವಿಶೆಹ್ರಾದ್‌ಗೆ ಯಾತ್ರೆ ಬರಬೇಕೆಂದು ಹದಿನಾಲ್ಕನೆಯ ಶತಮಾನದ ದೊರೆ ನಾಲ್ಕನೆಯ ಚಾರ್ಲ್ಸ್ ವಿಧಿಸಿದ್ದ.

ಇಲ್ಲಿನ ಸ್ಮಶಾನದಲ್ಲಿ ಸಂಗೀತಗಾರರಾದ ಸ್ಮೆತನಾ ಮತ್ತು ದ್ವೋರ್ಝಾಕ್, ಲೇಖಕ ಕಾರೆಲ್ ಚಾಪೆಕ್, ಚಿತ್ರಕಾರ ಮುಖಾ ಮಲಗಿದ್ದಾರೆ. ಒಂದು ನಾಡು ತನ್ನ ಕಲಾವಿದರನ್ನು ಇಷ್ಟು ಗೌರವದಿಂದ ಒಂದೆಡೆ ಇರಿಸಿಕೊಂಡಿರುವುದನ್ನು ನೋಡಿ ನನ್ನ ಮನಸ್ಸು ತುಂಬಿತು. ಇನ್ನು ನೋಟದ ಮಾತು: ಪ್ರಾಗ್ ಕೋಟೆಯಿಂದ ಹಳೆಯ ಪೇಟೆಯ ಕೆಂಪು ಹೆಂಚುಗಳು ಹತ್ತಿರದಲ್ಲೇ ಕಾಣುತ್ತವೆ, ವಿಶೆಹ್ರಾದ್‌ನ ಕೋಟೆಗೋಡೆಯ ಮೇಲಿನಿಂದಾದರೆ ನದಿ, ಸೇತುವೆಗಳು ಮತ್ತು ದೂರದಲ್ಲಿ ಪ್ರಾಗ್ ಕೋಟೆ, ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಗೋಡೆಯ ಪಕ್ಕದ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿ, ಯಾರ ಅವಸರವೂ ಇಲ್ಲದೆ ಮಾತನಾಡುವ ಅವಕಾಶ ನಮಗೆ ಸಿಕ್ಕಿದ್ದು ಅಲ್ಲಿ ಮಾತ್ರ.

ಉಳಿಯುವ ಜಾಗದ ಆಯ್ಕೆ ಇಷ್ಟು ಕಠಿಣವಲ್ಲ. ಹಳೆಯ ಪೇಟೆಯ ಹಾಸ್ಟೆಲ್‌ನಲ್ಲಿ ಮಲಗಿದರೆ ನಡಿಗೆ ಕಡಿಮೆ, ಬೀದಿಯ ಸದ್ದು ಮಾತ್ರ ತಡರಾತ್ರಿಯವರೆಗೂ ತಪ್ಪುವುದಿಲ್ಲ, ಟಿ.ವಿ. ಗೋಪುರವಿರುವ ಜಿಷ್ಕೊವ್ ಬಡಾವಣೆಯಲ್ಲಿ ನಿದ್ದೆ ಚೆನ್ನಾಗಿ ಬಂತು, ಊಟವೂ ಅಗ್ಗವಾಗಿತ್ತು. ಮೆಟ್ರೋ ನಿಂತ ಮೇಲೂ ರಾತ್ರಿಯ ಟ್ರಾಮ್‌ಗಳು ಓಡುತ್ತವೆ, ಅವೆಲ್ಲ ಲಾಜಾರ್ಸ್ಕಾ ನಿಲ್ದಾಣದಲ್ಲಿ ಸಂಧಿಸುವುದರಿಂದ ದಾರಿ ತಪ್ಪುವ ಭಯವಿಲ್ಲ. ನಾನು ಜಿಷ್ಕೊವ್ ಪರ.

ಗುಡ್ಡಗಳ ವಿಷಯದಲ್ಲಿ ನಮ್ಮ ಗುಂಪು ಒಮ್ಮತಕ್ಕೆ ಬರಲಿಲ್ಲ. ಕಟ್ಟಡಗಳಲ್ಲಿ ಆಸಕ್ತಿಯಿದ್ದ ಗೆಳತಿ ಕೋಟೆಯ ಪರ ಕೊನೆಯವರೆಗೂ ವಾದಿಸಿದಳು, ಆಕೆಯ ಮಾತಿನಲ್ಲಿ ಹುರುಳಿದೆ. ಸೇಂಟ್ ವಿಟಸ್‌ನಂಥ, ಚೂಪು ಕಮಾನುಗಳ ಗಾಥಿಕ್ ಶೈಲಿಯ ಕೆಥೆಡ್ರಲ್ ಒಂದನ್ನೂ ನೋಡದವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ 22ನೆಯ ಟ್ರಾಮ್ ಹಿಡಿದು ಕೋಟೆಗೇ ಹೋಗಲಿ. ಈಗಾಗಲೇ ನೋಡಿದವರಿಗೆ ನಾನು ವಿಶೆಹ್ರಾದನ್ನೇ ಸೂಚಿಸುತ್ತೇನೆ. ಎರಡಕ್ಕೂ ಸಮಯವಿದ್ದರೆ ಸಂಜೆ ವಿಶೆಹ್ರಾದ್‌ನಿಂದ ಇಳಿದು, ನದೀದಂಡೆಯಲ್ಲಿ ಉತ್ತರಕ್ಕೆ ಚಾರ್ಲ್ಸ್ ಸೇತುವೆಯವರೆಗೆ ನಡೆದು, ಅಲ್ಲಿಂದ ಕೋಟೆಯ ಕೆಳಗಿನ ಮಾಲಾ ಸ್ತ್ರಾನಾ ಬಡಾವಣೆಯ ಏರುಬೀದಿ ಹಿಡಿಯಬಹುದು. ಕೋಟೆಯ ಅಂಗಳಗಳು ರಾತ್ರಿ ಹತ್ತರವರೆಗೆ ಟಿಕೆಟ್ಟಿಲ್ಲದೆ ತೆರೆದಿರುತ್ತವೆ.