ಲುಕರ್ ಸ್ಟುಡಿಯೋನಾ ಪವರ್ ಬಿಐನಾ? ಹೋಂಸ್ಟೇ ಗುಂಪಿನವ್ರಿಗೆ

ಚಿಕ್ಕಮಗಳೂರು ಕಡೆ ಏಳೆಂಟು ಹೋಂಸ್ಟೇಯವ್ರು ಸೇರ್ಕೊಂಡು ಜನ ಎಲ್ಲಿಂದ ಬರ್ತಾರೆ, ಯಾವ ವಾರ ಖಾಲಿ ಹೊಡೀತೀವಿ ಅಂತ ನೋಡೋಕೆ ಡ್ಯಾಶ್‌ಬೋರ್ಡ್ (ಲೆಕ್ಕನೆಲ್ಲಾ ಚಾರ್ಟಲ್ಲಿ ಒಂದೇ ಕಡೆ ತೋರಿಸೋ ಪುಟ) ಮಾಡ್ಬೇಕು ಅಂದ್ರೆ ನಾನು ಮೊದ್ಲು ಹೇಳೋದು ಗೂಗಲ್‌ನ ಲುಕರ್ ಸ್ಟುಡಿಯೋ, ಅದೇ ಹಳೇ ಡೇಟಾ ಸ್ಟುಡಿಯೋ, 2022ರಲ್ಲಿ ಹೆಸರು ಬದಲಾಯ್ತಲ್ಲ ಅದು. ಫ್ರೀ, ಗೂಗಲ್ ಶೀಟ್ ಮತ್ತೆ ವೆಬ್‌ಸೈಟಿನ ಅನಾಲಿಟಿಕ್ಸ್ (ಸೈಟಿಗೆ ಯಾರ್ ಬಂದ್ರು ಅನ್ನೋ ಲೆಕ್ಕ) ಎರಡೂ ನೇರವಾಗಿ ಕೂರತ್ತೆ, ಲಿಂಕ್ ವಾಟ್ಸಾಪಲ್ಲಿ ಹಾಕಿದ್ರೆ ಎಲ್ರೂ ಮೊಬೈಲಲ್ಲೇ ನೋಡ್ತಾರೆ.

ಆದ್ರೆ ಡೇಟಾ ಗಲೀಜಾಗಿದ್ರೆ ಕಷ್ಟ. ನಮ್ಮ ರಿಜಿಸ್ಟರ್ ಟೈಪ್ ಮಾಡಿ ಹಾಕಿದಾಗ ಬೆಂಗಳೂರು, ಬೆಂಗ್ಳೂರು, ಬ್ಯಾಂಗಲೋರ್ ಅಂತ ಚಾರ್ಟಲ್ಲಿ ಮೂರು ಬೇರೆ ಬೇರೆ ಕಂಬ ಎದ್ದು ನಿಂತ್ವು, ಮಂಗಳೂರೇ ಫಸ್ಟ್ ಅನ್ನೋ ಹಾಗೆ ಕಾಣ್ತಿತ್ತು, ಅದನ್ನ ನಂಬಿ ಕರಾವಳಿ ಕಡೆ ಜಾಹೀರಾತಿಗೆ ದುಡ್ಡು ಸುರಿಯೋದ್ರಲ್ಲಿದ್ವಿ!

ಮೈಕ್ರೋಸಾಫ್ಟಿನ ಇದೇ ಥರದ ಟೂಲ್ ಪವರ್ ಬಿಐ ಗೆಲ್ಲೋದು ಇಲ್ಲೇ. ಅದ್ರೊಳಗಿನ ಪವರ್ ಕ್ವೆರೀಲಿ ಒಂದ್ಸಲ ತಿದ್ದೋ ಹೆಜ್ಜೆ ಬರೆದಿಟ್ರೆ ಪ್ರತಿ ಸಲ ರಿಫ್ರೆಶ್ ಮಾಡ್ದಾಗ ತಾನೇ ತಿದ್ಕೊಳ್ಳತ್ತೆ, ಬುಕಿಂಗು, ಮಳೆ, ರಜಾ ಪಟ್ಟಿ ಎಲ್ಲಾ ಬೇರೆ ಬೇರೆ ಟೇಬಲ್ ಇದ್ರೂ ಜೋಡಿಸ್ಬೋದು. ಡೆಸ್ಕ್‌ಟಾಪ್ ಆವೃತ್ತಿ ಫ್ರೀನೇ, ಆದ್ರೆ ವಿಂಡೋಸ್ ಬೇಕು, ಗುಂಪಲ್ಲಿ ಸರಿಯಾಗಿ ಹಂಚ್ಕೊಳ್ಳೋಕೆ ತಲೆಗಿಷ್ಟು ಅಂತ ತಿಂಗಳಿಗೆ ಪ್ರೊ ಲೈಸೆನ್ಸ್ ಕಟ್ಬೇಕು. ಕಲಿಯೋಕೂ ಟೈಮ್ ಹಿಡಿಯತ್ತೆ, ಅದ್ರಲ್ಲಿ ಲೆಕ್ಕ ಹಾಕೋಕೆ ಬರೆಯೋ ಡ್ಯಾಕ್ಸ್ ಸೂತ್ರ ನೋಡಿದ್ರೆ ತಲೆ ಗಿರ್ ಅನ್ನತ್ತೆ.

ಇಡೀ ಜಿಲ್ಲೆಯ ಪ್ರವಾಸೋದ್ಯಮದ ಲೆಕ್ಕ, ಪಾರ್ಕಿಂಗು, ಗೇಟಿನ ಎಂಟ್ರಿ ಎಲ್ಲಾ ನೋಡೋರಾದ್ರೆ ಪವರ್ ಬಿಐ ತಗೊಳ್ಳಿ. ನಿಮ್ದು ಏಳೆಂಟು ಮನೆ ಅಂದ್ರೆ ಲುಕರ್ ಸ್ಟುಡಿಯೋ ಸಾಕು, ಶೀಟಲ್ಲಿ ಊರಿನ ಹೆಸರಿಗೆ ಡ್ರಾಪ್‌ಡೌನ್ (ಟೈಪ್ ಮಾಡೋ ಬದ್ಲು ಪಟ್ಟಿಯಿಂದ ಆರಿಸೋದು) ಇಟ್ಬಿಡಿ.