ನಾನಾ ಪೇಠದ ಲಿಂಕೇಜ್ ಕಿಟ್: ಬೇರಿಂಗ್ ಗಟ್ಟಿ, ಸೀಲ್ ನಂಬಬೇಡಿ

ಪುಣೆಯ ನಾನಾ ಪೇಠದ ಬಿಡಿಭಾಗದ ಅಂಗಡಿಗಳಲ್ಲಿ ಮೊನೊಶಾಕ್ (ಹಿಂದೆ ಒಂದೇ ಶಾಕಪ್ ಇರುವ) ಬೈಕುಗಳ ಲಿಂಕೇಜ್ ಕಿಟ್, ಅಂದರೆ ಹಿಂಚಕ್ರದ ತೋಳನ್ನು ಶಾಕಪ್ಪಿಗೆ ಬೆಸೆಯುವ ಕೀಲುಗಳ ಬಿಡಿಭಾಗ, ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತದೆ. ರಾಕರ್‌ನ (ಲಿಂಕೇಜಿನ ನಡುವಿನ ಹೊರಳುವ ತುಂಡು) ಮೂರು ಕೀಲುಗಳಿಗೆ ಸೂಜಿಯಂಥ ಉರುಳೆಗಳಿರುವ ಮೂರು ನೀಡಲ್ ಬೇರಿಂಗ್, ಅವುಗಳೊಳಗೆ ತೂರುವ ಮೂರು ಉಕ್ಕಿನ ಕೊಳವೆ (ಕಾಲರ್), ಆರು ಸೀಲ್, ಜೊತೆಗೊಂದು ಪುಟ್ಟ ಗ್ರೀಸ್ ಪೊಟ್ಟಣ. ಕೌಂಟರಿನಲ್ಲಿ ‘ಚಿಮಟಾ ಬುಶ್’ ಎಂದಷ್ಟೇ ಕೇಳಿದರೆ ಚಿಮಟಾದ, ಅಂದರೆ ಹಿಂಚಕ್ರ ಹಿಡಿಯುವ ತೋಳಾದ ಸ್ವಿಂಗ್ ಆರ್ಮ್‌ನ, ಮುಖ್ಯ ಕೀಲಿನ ಬುಶ್ ಕೈಗಿಡುತ್ತಾರೆ. ಲಿಂಕೇಜಿನದೇ ಬೇಕು ಎಂದು ಬಿಡಿಸಿ ಹೇಳಿ, ಹಳೆಯ ಕಾಲರ್ ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಬೇರಿಂಗ್ ಮಟ್ಟಿಗೆ ಕಿಟ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸೂಜಿಗಳು ಒಂದೇ ಸಮ, ಹೊರಕವಚ ಗಟ್ಟಿ. ಸೋಲುವುದು ಸೀಲ್. ಅದರ ತುಟಿ ತೆಳು, ಕಾಲರ್ ತೂರಿಸಿ ತಿರುಗಿಸಿದರೆ ಹಿಡಿತವೇ ಗೊತ್ತಾಗುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ಲಿಂಕೇಜ್ ಬೇರಿಂಗ್ ಚಕ್ರದ ಬೇರಿಂಗಿನಂತೆ ಸುತ್ತುವುದಿಲ್ಲ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿನ ಹಿಂಚಕ್ರ 180 ಮಿ.ಮೀ. ಮೇಲೆ ಕೆಳಗೆ ಆಡಿದರೂ ಕೀಲು ಅರೆಬರೆ ಹೊರಳುತ್ತದಷ್ಟೇ. ಸೂಜಿಗಳು ಅದೇ ಜಾಗದಲ್ಲಿ ಕುಟ್ಟುತ್ತವೆ, ಸರಿದ ಗ್ರೀಸ್ ಮರಳಿ ಬರುವುದಿಲ್ಲ. ಅದರ ಮೇಲೆ ಪುಣೆ ಬಳಿಯ ತಾಮ್ಹಿಣಿ ಘಾಟಿನ ಮಳೆ, ವಾಟರ್ ಸರ್ವಿಸಿನ ಜೋರು ನೀರು ಒಳನುಗ್ಗಿದರೆ ಕಾಲರ್ ಮೇಲೆ ಉದ್ದುದ್ದ ತುಕ್ಕಿನ ಗೆರೆ ಮೂಡುತ್ತದೆ. ಆದ್ದರಿಂದ ಕಿಟ್ ಕೊಳ್ಳಿ, ಆರೂ ಸೀಲ್‌ಗಳನ್ನು ಮಾತ್ರ ಕಂಪನಿ ಕೌಂಟರಿನಿಂದ ಬೇರೆಯಾಗಿ ತನ್ನಿ.

ಕಾಲರನ್ನು ಅಂಗಡಿಯಲ್ಲೇ ವರ್ನಿಯರ್‌ನಿಂದ ಅಳೆಯಿರಿ. ಹಳೆಯದಕ್ಕಿಂತ 0.1–0.2 ಮಿ.ಮೀ. ಗಿಡ್ಡ ಇದ್ದರೂ ವಾಪಸ್ ಕೊಡಿ. ಬೋಲ್ಟ್ ಬಿಗಿದಾಗ ಒತ್ತಡವೆಲ್ಲ ಕಾಲರಿನ ಎರಡು ತುದಿಗಳ ಮೇಲೆ ಬೀಳಬೇಕು. ಕಾಲರ್ ಗಿಡ್ಡವಾದರೆ ಒತ್ತಡ ರಾಕರ್‌ಗೇ ಬಿದ್ದು ಕೀಲು ಬಿಗಿದುಕೊಳ್ಳುತ್ತದೆ. ಗಾಡಿ ಗಡುಸಾಯಿತೆಂದು ಜನ ಶಾಕಪ್ಪನ್ನು ಬೈಯುತ್ತಾರೆ, ತಪ್ಪು ಕಾಲರಿನದು.

ಹಳೆಯ ಬೇರಿಂಗ್ ಎಷ್ಟು ಆಳದಲ್ಲಿ ಕೂತಿದೆ ಎಂದು ತೆಗೆಯುವ ಮೊದಲೇ ಅಳೆದು ಬರೆದುಕೊಳ್ಳಿ. ಹೊಸದು ಅಷ್ಟೇ ಆಳಕ್ಕೆ ಹೋಗಬೇಕು, ಇಲ್ಲವಾದರೆ ಸೀಲ್‌ಗೆ ಜಾಗ ಸಿಗದು. ಹೊಸ ಬೇರಿಂಗನ್ನು ಒಂದು ಗಂಟೆ ಫ್ರೀಜರಿನಲ್ಲಿಡಿ. ಅಕ್ಷರ ಕೊರೆದ ಮುಖ ಹೊರಗಿರಲಿ, ಒತ್ತುವುದೂ ಅದೇ ಮುಖದ ಮೇಲೆ. ಬೆಂಚ್ ವೈಸ್‌ನ ನಡುವೆ ಸರಿಯಳತೆಯ ಸಾಕೆಟ್ ಇಟ್ಟು ನಿಧಾನ ಒತ್ತಿ. ಸುತ್ತಿಗೆ ಬೇಡ, ಕವಚ ಸೊಟ್ಟಗಾದರೆ ಸೂಜಿ ಸಿಕ್ಕಿಕೊಳ್ಳುತ್ತದೆ. ವೈಸ್ ಇಲ್ಲದವರು ಉದ್ದ ಬೋಲ್ಟ್, ನಟ್ಟು, ಎರಡು ದಪ್ಪ ವಾಷರ್‌ಗಳಿಂದ ಎಳೆದು ಕೂರಿಸಬಹುದು.

ಸೂಜಿಗಳನ್ನು ಹಿಡಿದಿಡುವ ಪಂಜರವಿಲ್ಲದ ಬೇರಿಂಗ್ ಬಂದಿದ್ದರೆ ಸೂಜಿಗಳನ್ನು ಎಣಿಸಿ. ಅವು ಗ್ರೀಸಿನ ಅಂಟಿನಿಂದಲೇ ನಿಂತಿರುತ್ತವೆ. ಒಂದು ಉದುರಿದರೂ ಉಳಿದವು ಓರೆಯಾಗಿ ಕಾಲರನ್ನು ಕೊರೆಯುತ್ತವೆ. ಕಿಟ್‌ನ ಗ್ರೀಸ್ ಪೊಟ್ಟಣ ಸಾಲದು. ಹಳೆಯ ಗ್ರೀಸನ್ನು ಡೀಸೆಲಿನಲ್ಲಿ ಪೂರ್ತಿ ತೊಳೆದು ಒಣಗಿಸಿ, ನೀರು ತಡೆಯುವ ಎನ್‌ಎಲ್‌ಜಿಐ 2 ದರ್ಜೆಯ (ಗ್ರೀಸ್ ಎಷ್ಟು ಗಟ್ಟಿ ಎಂಬುದರ ಅಂಕಿ) ವೀಲ್ ಬೇರಿಂಗ್ ಗ್ರೀಸನ್ನು ಸೂಜಿಗಳ ಸಂದಿಗೆಲ್ಲ ಬೆರಳಿನಿಂದ ತುಂಬಿ. ಸೀಲ್ ತುಟಿಗೂ ಸವರಿ.

ಜೋಡಿಸುವಾಗ ಗಾಡಿ ಡಬಲ್ ಸ್ಟ್ಯಾಂಡ್ ಮೇಲಿರಲಿ, ಮುಂದಿನ ಬ್ರೇಕ್ ಲಿವರ್ ಒತ್ತಿ ಕಟ್ಟಿ, ಎಂಜಿನ್ ಕೆಳಗೊಂದು ಜಾಕ್ ಕೊಡಿ. ಶಾಕಪ್ಪಿನ ಬೋಲ್ಟ್ ಕೈಯಿಂದಲೇ ಒಳಗೆ ಜಾರಬೇಕು. ಜಾರದಿದ್ದರೆ ಇನ್ನೊಂದು ಜಾಕಿನಿಂದ ಚಿಮಟಾವನ್ನು ಚೂರುಚೂರೇ ಎತ್ತಿ ತೂತು ಹೊಂದಿಸಿ. ಎಲ್ಲ ಬೋಲ್ಟ್ ಮೊದಲು ಬೆರಳಬಿಗಿ ಮಾತ್ರ. ಶಾಕಪ್ಪಿನ ಮೇಲಿನ ಕಣ್ಣಿನಲ್ಲಿ ರಬ್ಬರ್ ಬುಶ್ ಇದ್ದರೆ ಅದರ ಕೊನೆಯ ಬಿಗಿತ ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಆಗಬೇಕು. ಚಕ್ರ ಜೋತಿರುವಾಗ ಬಿಗಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟಾರ್ಕ್ (ಬೋಲ್ಟ್ ಬಿಗಿಯುವ ಬಲದ) ಅಂಕಿ ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುವಲ್‌ನದೇ ಆಗಲಿ. ಮ್ಯಾನ್ಯುವಲ್ ಹೇಳದ ಹೊರತು ಬೋಲ್ಟಿನ ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ, ಅದೇ ಅಂಕಿಗೆ ಬೋಲ್ಟ್ ವಿಪರೀತ ಎಳೆದುಕೊಳ್ಳುತ್ತದೆ.

ಚೈನ್ ಸಡಿಲ ಮತ್ತೆ ನೋಡಿ. ಮುಂದಿನ ಸ್ಪ್ರಾಕೆಟ್, ಚಿಮಟಾ ಕೀಲು, ಹಿಂದಿನ ಆಕ್ಸಲ್ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಆಗಲೂ ಸ್ವಲ್ಪ ಆಟ ಉಳಿದಿರಬೇಕು. ಪ್ರತಿ ಬೋಲ್ಟಿನ ತಲೆಯಿಂದ ಫ್ರೇಮಿಗೆ ಪೇಂಟಿನ ಒಂದು ಗೆರೆ ಎಳೆದು, ಮೊದಲ 100 ಕಿ.ಮೀ. ಪುಣೆಯೊಳಗೇ ಓಡಿಸಿ. ಗೆರೆ ಸರಿದಿಲ್ಲ, ಚಕ್ರ ಹಿಡಿದೆತ್ತಿದಾಗ ‘ಟಕ್’ ಎನ್ನುವುದಿಲ್ಲ ಎಂದಾದರೆ ಕೊಲ್ಹಾಪುರ ದಾಟಿ ಬೆಳಗಾವಿಗೆ ಹೊರಡಬಹುದು.