ಹಳೇ ರೈಫಲ್‌ಗೆ ಹೊಸ ಬ್ಯಾರಲ್ ಹಾಕಿಸುವವರೇ, "ಇದು ನನ್ನದೇ ಚೇಂಬರ್" ಅನ್ನುವವರಿಂದ ದೂರ ಇರಿ

ಅಮೆರಿಕದಲ್ಲಿದ್ದು ಬೇಟೆ, ಟಾರ್ಗೆಟ್ ಶೂಟಿಂಗ್ ಅಂತ ಆಸಕ್ತಿ ಇರುವ ನಮ್ಮ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಚೇಂಬರ್ ಅಂದರೆ ಬ್ಯಾರಲ್ ಹಿಂಬದಿಯಲ್ಲಿ ತೋಟಾ ಕೂರುವ ಜಾಗ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಮುಖದ ಹತ್ತಿರ ಇಟ್ಟು ಹೊಡೆಯುವ ವಸ್ತು ಇದು. ಒಬ್ಬ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿ ಮಾಡುವವನು, ಅದನ್ನು ಹಾಳು ಮಾಡಿ, "ಎಲ್ಲಾ ಸರಿಯಾಗಿದೆ, ಹೋಗಿ ಹೊಡಿ" ಅಂತ ಕೈಗೆ ಕೊಟ್ಟನಲ್ಲ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನದು ವಿಂಚೆಸ್ಟರ್ ಮಾಡೆಲ್ 70. 1964ಕ್ಕಿಂತ ಹಿಂದಿನದು, ಅಂದರೆ ಕಂಪನಿಯವರು ಖರ್ಚು ಉಳಿಸೋಕೆ ವಿನ್ಯಾಸ ಬದಲಾಯಿಸುವ ಮೊದಲಿನದು. ಅದರ ಬೆಲೆ ಗೊತ್ತಿರುವವರಿಗೆ ಗೊತ್ತು. .30-06 ಅನ್ನುವ ತೋಟಾದ ಬ್ಯಾರಲ್ ಇತ್ತು. ಒಳಗೆ ಗಂಟಲು, ಅಂದರೆ ಚೇಂಬರ್ ಮುಂದೆ ಗುಂಡು ಹೊರಡುವ ಜಾಗ, ಸವೆದು ಗುಂಡುಗಳು ಒಂದು ಕಡೆ ಕೂರುತ್ತಿರಲಿಲ್ಲ. ಹೊಸ ಬ್ಯಾರಲ್ ಹಾಕಿಸೋಣ, ಹೇಗಿದ್ದರೂ ಹಾಕಿಸುತ್ತೇವಲ್ಲ, ಅದೇ ಉದ್ದದ ತೋಟಾದಲ್ಲೇ ಒದೆತ ಸ್ವಲ್ಪ ಕಡಿಮೆ ಇರುವ .280 ರೆಮಿಂಗ್ಟನ್‌ಗೆ ಹೋಗೋಣ ಅಂತಿದ್ದೆ. 1957ರಿಂದ ಇರುವ ತೋಟಾ. ಕೊಲೊರಾಡೋದ ಎಲ್ಕ್ ಅನ್ನುವ ದೊಡ್ಡ ಜಿಂಕೆಗೂ ಸಾಕು, ಮ್ಯೂಲ್ ಡೀರ್‌ಗೂ ಸಾಕು.

ಗನ್‌ಸ್ಮಿತ್ ಕೇಳಲಿಲ್ಲ. "ಇಷ್ಟು ಒಳ್ಳೇ ರೈಫಲ್‌ಗೆ ಅಷ್ಟು ಸಾಧಾರಣ ತೋಟಾ ಯಾಕೆ? .280 ಆಕ್ಲಿ ಇಂಪ್ರೂವ್ಡ್ ಮಾಡಿಸು" ಅಂದ. ಆಕ್ಲಿ ಅಂದರೆ ಅದೇ .280ರ ಹಿತ್ತಾಳೆ ಕೇಸ್, ಅಂದರೆ ಮದ್ದು ತುಂಬುವ ಕವಚ. ಕತ್ತಿನ ಕೆಳಗಿನ ಇಳಿಜಾರು, ಅಂದರೆ ಭುಜವನ್ನು 40 ಡಿಗ್ರಿಗೆ ಕಡಿದಾಗಿ ಮಾಡಿ, ಮೈಯ ಓರೆ ಕಡಿಮೆ ಮಾಡಿರುತ್ತಾರೆ. ಮದ್ದು ಸ್ವಲ್ಪ ಜಾಸ್ತಿ ಹಿಡಿಯುತ್ತೆ, ಗುಂಡಿಗೆ ಸೆಕೆಂಡಿಗೆ ಸುಮಾರು ನೂರು ಅಡಿ ವೇಗ ಜಾಸ್ತಿ ಸಿಗುತ್ತೆ. ಕೆಟ್ಟ ತೋಟಾ ಅಲ್ಲ, ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರೋದು ಈ ಮನುಷ್ಯನ ಮೇಲೆ. ಡ್ರಾಯರ್‌ನಿಂದ ಒಂದು ರೀಮರ್, ಅಂದರೆ ಚೇಂಬರ್ ಕೊರೆಯುವ ಉಪಕರಣ, ತೆಗೆದು ತೋರಿಸಿದ. "ಇದು ನಾನೇ ಹೇಳಿ ಮಾಡಿಸಿದ್ದು. ಗಂಟಲು ಉದ್ದ, 175 ಗ್ರೇನ್ ತೂಕದ ಗುಂಡಿಗೆ ಹೇಳಿ ಮಾಡಿಸಿದ ಹಾಗಿದೆ" ಅಂದ.

ನಾನು ಎರಡೇ ಪ್ರಶ್ನೆ ಕೇಳಿದೆ. ಬಾಯಿಬಿಟ್ಟು, ಸ್ಪಷ್ಟವಾಗಿ ಕೇಳಿದೆ. ಅಂಗಡಿಯಲ್ಲಿ ಸಿಗುವ .280 ಆಕ್ಲಿ ಡಬ್ಬಿ ತಂದು ಹೊಡೆಯಬಹುದಾ? "ಖಂಡಿತ." ತೋಟಾ ತುಂಬುವ ಮ್ಯಾಗಜೀನ್‌ಗೆ ತೊಂದರೆ ಆಗಲ್ವಾ? "ಏನೂ ಆಗಲ್ಲ, ಗೆಳೆಯಾ." ಆಮೇಲೆ ಅಡ್ವಾನ್ಸ್ ಕೊಟ್ಟೆ. ಎಲ್ಲರೂ ಹೀಗೇ ತಾನೇ ಮಾಡೋದು?

ತಿಂಗಳುಗಟ್ಟಲೆ ಕಾಯಿಸಿದ. ಆ ಕಥೆ ಬೇಡ, ಅದು ಎಲ್ಲ ಕಡೆ ಇದ್ದದ್ದೇ.

ರೇಂಜ್‌ಗೆ ಹೋದೆ. ಅಂಗಡಿ ಡಬ್ಬಿಯ ತೋಟಾ ಹಾಕಿ ಹೊಡೆದೆ. ಚೇಂಬರ್ ಹಿಂದೆ ಮುಚ್ಚುವ ಬೋಲ್ಟ್ ಎಳೆದಾಗ ಹೊರಬಂದ ಕೇಸ್ ನೋಡಿದರೆ, ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಹಿಂದಕ್ಕೆ ಎದ್ದು ನಿಂತಿದೆ. ಬೆರಳಿಗೆ ತಾಗುತ್ತಿತ್ತು. ಇನ್ನೊಂದು ಹೊಡೆದೆ, ಅದೂ ಹಾಗೇ. ಬುಡದಿಂದ ಸ್ವಲ್ಪ ಮೇಲೆ, ಹಿತ್ತಾಳೆಯ ಸುತ್ತ ಉಂಗುರದ ಹಾಗೆ ಒಂದು ಹೊಳೆಯುವ ಗೆರೆ. ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು "ಸಾಕು, ನಿಲ್ಲಿಸು" ಅಂದರು. ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿ ಮಾತ್ರ ಬಗ್ಗಿಸಿ, ಕೇಸ್ ಒಳಗೆ ಬಿಟ್ಟು ಗೋಡೆಗೆ ತಾಗಿಸಿ ಎಳೆದರು. "ನೀನೇ ನೋಡು" ಅಂತ ನನ್ನ ಕೈಗೆ ಕೊಟ್ಟರು. ಆ ಗೆರೆ ಇದ್ದ ಜಾಗದಲ್ಲೇ ಕ್ಲಿಪ್ ತುದಿ ಟಕ್ ಅಂತ ಒಂದು ಹಳ್ಳಕ್ಕೆ ಸಿಕ್ಕಿಕೊಂಡಿತು. ಹಿತ್ತಾಳೆ ಒಳಗಿನಿಂದ ಹಿಗ್ಗಿ ತೆಳ್ಳಗಾಗಿತ್ತು. ಅದೇ ಕೇಸ್‌ಗೆ ಮತ್ತೆ ಮದ್ದು ತುಂಬಿ ಹೊಡೆದರೆ ಬುಡ ಕಿತ್ತು ಬರಬಹುದು, ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗಬಹುದು. ಹಿಂದೆ ಇರೋದು ನನ್ನ ಕಣ್ಣು.

ಸುತ್ತ ಜನ ಸೇರಿದ್ದರು. ನಾನು ಕೊಡಗಿನವನು. ಕೈಲ್‌ಪೊಳ್ದ್ ಅನ್ನುವ ನಮ್ಮ ಆಯುಧ ಪೂಜೆ ಹಬ್ಬಕ್ಕೆ ಕೋವಿ ಇಟ್ಟು, ನಳಿಗೆಗೆ ತೋಕ್‌ಪೂ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಅಷ್ಟು ಜನರ ಮುಂದೆ ಬೋಲ್ಟ್ ತೆಗೆದು, ರೈಫಲ್ ಚೀಲಕ್ಕೆ ಹಾಕಿಕೊಂಡು ತಲೆ ತಗ್ಗಿಸಿ ಬಂದೆ.

ವಿಷಯ ಏನು ಅಂದರೆ, .280 ಆಕ್ಲಿ ಅನ್ನುವ ಹೆಸರಲ್ಲಿ ಎರಡು ಅಳತೆ ಇವೆ. ಒಂದು ಹಳೇ ಕಾಲದ್ದು, ಗನ್‌ಸ್ಮಿತ್‌ಗಳು ತಮ್ಮ ತಮ್ಮ ರೀಮರ್‌ನಲ್ಲಿ ಕೊರೆಯುತ್ತಿದ್ದದ್ದು. ಇನ್ನೊಂದು, 2007ರಲ್ಲಿ ನಾಸ್ಲರ್ ಕಂಪನಿಯ ಪ್ರಯತ್ನದಿಂದ ಸ್ಯಾಮಿ ಒಪ್ಪಿದ ಅಳತೆ. ಸ್ಯಾಮಿ ಅಂದರೆ ಇಲ್ಲಿನ ತೋಟಾ ಅಳತೆಗಳನ್ನು ನಿಗದಿ ಮಾಡುವ ಸಂಸ್ಥೆ. ಹೊಸದರ ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಖದಿಂದ ಕೇಸ್‌ನ ಭುಜ ತಾಗುವ ಜಾಗದವರೆಗಿನ ಅಳತೆ, ಹಳೆಯದಕ್ಕಿಂತ 0.014 ಇಂಚು ಕಡಿಮೆ. ಕೇಳೋಕೆ ಏನೂ ಅಲ್ಲ. ಚೇಂಬರ್ ಒಳಗೆ ಅದು ಬಹಳ ದೊಡ್ಡದು. ಅಂಗಡಿಯಲ್ಲಿ ಸಿಗೋದು ಹೊಸ ಅಳತೆಯ ತೋಟಾ. ನನ್ನ ಬ್ಯಾರಲ್ ಕೊರೆದಿದ್ದು ಹಳೇ ಅಳತೆಯಲ್ಲಿ. ಹಾಗಾಗಿ ತೋಟಾ ಒಳಗೆ ಸಡಿಲ, ಹೊಡೆದಾಗ ಹಿತ್ತಾಳೆ ಹಿಗ್ಗುತ್ತೆ. ಬ್ಯಾರಲ್ ಮೇಲಿನ ಅಚ್ಚು ಮಾತ್ರ ".280 ಎಐ" ಅಂತ ಅಷ್ಟೇ. ನಾಳೆ ಇದನ್ನು ಇನ್ನೊಬ್ಬ ಕೊಂಡರೆ ಅವನಿಗೆ ಹೇಗೆ ಗೊತ್ತಾಗಬೇಕು?

ಫೋನ್ ಮಾಡಿದೆ. ಅವನ ಉತ್ತರ ಕೇಳಿ. "ನೀನು ಆಕ್ಲಿ ಕೇಳಿದೆ, ನಾನು ಆಕ್ಲಿ ಕೊಟ್ಟೆ. ಸ್ಯಾಮಿ ಅಳತೆ ಬೇಕು ಅಂತ ಆರ್ಡರ್ ಚೀಟಿಯಲ್ಲಿ ಎಲ್ಲಿ ಬರೆದಿದೆ ತೋರಿಸು." ಅಂಗಡಿ ತೋಟಾ ಹೊಡೆಯಬಹುದು ಅಂತ ನೀನೇ ಹೇಳಿದ್ದೆಯಲ್ಲ ಅಂದರೆ, "ಗುಂಡು ಹಾರಿತು ತಾನೇ?" ಅಂದ. ಗುಂಡು ಹಾರಿತು ತಾನೇ ಅಂತೆ! ರೀಮರ್‌ನ ಡ್ರಾಯಿಂಗ್ ಕೊಡು, ಅಳತೆ ನೋಡಿಕೊಳ್ತೀನಿ ಅಂದೆ. "ಅದು ನನ್ನ ವ್ಯಾಪಾರದ ಗುಟ್ಟು" ಅಂದ. ಆ ಉದ್ದ ಗಂಟಲಿಗೆ ತಕ್ಕ ಹಾಗೆ ಭಾರದ ಗುಂಡು ಕೂರಿಸಿದರೆ ತೋಟಾ ಮ್ಯಾಗಜೀನ್‌ಗೆ ಹಿಡಿಯೋದೇ ಇಲ್ಲ ಅಂದೆ. "ಒಂದೊಂದೇ ಹಾಕಿ ಹೊಡಿ. ಒಳ್ಳೇ ಬೇಟೆಗಾರನಿಗೆ ಒಂದು ಈಡು ಸಾಕು."

ಸಂಜೆ ಅವನಿಂದ ಒಂದು ಮೇಲ್ ಬಂತು. ಕ್ಷಮೆ ಇರಬಹುದು ಅಂತ ತೆರೆದೆ. ಅದು ರೇಟ್ ಪಟ್ಟಿ. ಅವನೇ ತನ್ನ ಚೇಂಬರ್ ಅಳತೆಗೆ ಹಿಗ್ಗಿಸಿದ ಕೇಸ್‌ಗಳು, ಹೊಡೆದ ಕೇಸನ್ನು ಮತ್ತೆ ಅಳತೆಗೆ ತರಲು ಅವನೇ ಮಾಡಿಸಿದ ಡೈ ಅನ್ನುವ ಅಚ್ಚು. ಅಂಗಡಿಯದಕ್ಕಿಂತ ಬೆಲೆ ಎಷ್ಟೋ ಜಾಸ್ತಿ. ಅಲ್ಲಿಗೆ ನನಗೆ ಎಲ್ಲಾ ಅರ್ಥವಾಯಿತು. ಬ್ಯಾರಲ್ ಹಾಕಿದ್ದು ಒಂದು ಸಲದ ವ್ಯಾಪಾರ. ಬೇರೆ ಎಲ್ಲೂ ಸಿಗದ ತೋಟಾಕ್ಕೆ ಕೊರೆದರೆ ನಾನು ಜೀವನಪೂರ್ತಿ ಅವನ ಬಾಗಿಲಿಗೇ ಹೋಗಬೇಕು. ಇದು ಕೈತಪ್ಪು ಅಲ್ಲ. ನನ್ನ ಪ್ರಕಾರ ಖಂಡಿತ ಕೈತಪ್ಪು ಅಲ್ಲ.

ಇನ್ನೂ ಇದೆ. ಹಳೇ ಬ್ಯಾರಲ್ ವಾಪಸ್ ಕೊಡು ಅಂದೆ. ಸವೆದಿದ್ದರೂ ಅದು ಆ ರೈಫಲ್ ಜೊತೆ ಬಂದ ಅಸಲಿ ಬ್ಯಾರಲ್. ಹಳೇದು ಸಂಗ್ರಹಿಸುವವರು ಅದನ್ನೇ ಮೊದಲು ಕೇಳೋದು. "ಗುಜರಿಗೆ ಹೋಯಿತು" ಅಂದ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಈಗ ಬೇರೆ ಗನ್‌ಸ್ಮಿತ್ ಹತ್ತಿರ ಕೊಟ್ಟಿದ್ದೇನೆ. ಅವರು ಬ್ಯಾರಲ್ ಬಿಚ್ಚಿ, ಹಿಂಬದಿ ಕತ್ತರಿಸಿ, ಹೊಸ ಥ್ರೆಡ್ ಹಾಕಿ, ಸ್ಯಾಮಿ ರೀಮರ್‌ನಲ್ಲಿ ಮತ್ತೆ ಚೇಂಬರ್ ಕೊರೆಯುತ್ತಾರಂತೆ. ಮತ್ತೆ ಖರ್ಚು. ಈ ಅಕ್ಟೋಬರ್‌ನ ಎಲ್ಕ್ ಸೀಸನ್ ಅಂತೂ ಹೋಯಿತು.

ನೀವು ಮಾಡಿಸೋದಾದರೆ .30-06, .270, ಹೀಗೆ ತೋಟಾ ಡಬ್ಬಿ ಎಲ್ಲಿ ಬೇಕಾದರೂ ಸಿಗುವಂಥದ್ದನ್ನೇ ಮಾಡಿಸಿ. ಆಕ್ಲಿನೇ ಬೇಕು ಅಂದರೆ "ಸ್ಯಾಮಿ ಚೇಂಬರ್" ಅನ್ನೋದನ್ನು ಚೀಟಿಯಲ್ಲಿ ಬರೆಸಿ, ದುಡ್ಡು ಕೊಡುವ ಮೊದಲೇ ರೀಮರ್ ಡ್ರಾಯಿಂಗ್ ಕೇಳಿ. ಕೊಡಲ್ಲ ಅಂದರೆ ರೈಫಲ್ ಎತ್ತಿಕೊಂಡು ಬನ್ನಿ. ಹಳೇ ಬ್ಯಾರಲ್ ನಿಮ್ಮದು ಅನ್ನೋದನ್ನೂ ಬರೆಸಿ. ಈಗಾಗಲೇ ಇಂಥವನ ಹತ್ತಿರ ಮಾಡಿಸಿದ್ದರೆ ಇನ್ನು ಒಂದು ಈಡೂ ಹೊಡೆಯಬೇಡಿ. ಹೊಡೆದ ಕೇಸ್ ಮನೆಯಲ್ಲಿ ಇದ್ದೇ ಇರುತ್ತೆ. ಒಂದು ಪೇಪರ್ ಕ್ಲಿಪ್ ತಗೊಂಡು ಇವತ್ತೇ ಒಳಗೆ ಬಿಟ್ಟು ನೋಡಿ.